ಸುವಾನ್ ಅಕ್ಕನ ಬೆರಳೊಪ್ಪದ ಬೀಗ

ನನ್ನ ಪಕ್ಕದ ಮನೆಯ ಬೂನ್ ಟೇಕ್ ಮತ್ತು ಗೈಕ್ ಸುವಾನ್ ಮದುವೆಯಾಗಿ ನಲವತ್ತು ವರ್ಷದ ಮೇಲಾಗಿತ್ತು. ಜೆಲುತೋಂಗಿನ ಈ ಫ್ಲಾಟಿನ ಏಳನೆಯ ಮಹಡಿಗೆ ನಾನು ಸೊಸೆಯಾಗಿ ಬಂದಾಗಲೂ ಅವರು ಜಗಳವಾಡುತ್ತಿದ್ದರು, ನಾನು ವಿಧವೆಯಾದಾಗಲೂ ಆಡುತ್ತಿದ್ದರು. ಆದರೆ ಅದು ಬರೀ ಬಾಯಿಜಗಳ. ಬೆಳಿಗ್ಗೆ ಬೈದುಕೊಂಡವರು ಮಧ್ಯಾಹ್ನ ಒಂದೇ ಮೀನನ್ನು ಹಂಚಿಕೊಂಡು ತಿನ್ನುತ್ತಿದ್ದರು. ಬೀಗ ಬಂದ ಮೇಲೆ ಹಾಗಿರಲಿಲ್ಲ.

ಬೂನ್ ಟೇಕ್ ಕೆಲಸದಲ್ಲಿದ್ದಷ್ಟು ಕಾಲ ಬಸ್ಸುಗಳಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರ್. ನಿವೃತ್ತಿಯಾದ ಮೇಲೂ ಆತ ಯಾರನ್ನು ನೋಡಿದರೂ ಟಿಕೆಟ್ ಇಲ್ಲದವರನ್ನು ನೋಡುವಂತೆಯೇ ನೋಡುತ್ತಿದ್ದ. ಸುವಾನ್ ಅಕ್ಕ ಮಾರುಕಟ್ಟೆಯ ಮೂಲೆಯಲ್ಲಿ ಇದ್ದಿಲೊಲೆಗಳನ್ನು ಸಾಲಾಗಿಟ್ಟುಕೊಂಡು ಅಪೋಮ್ ಎಂಬ ತೆಳು ದೋಸೆ ಮಾರಿದವಳು. ಕಾದ ಬಾಣಲಿಯಿಂದ ಅದನ್ನು ಎಬ್ಬಿಸಲು ಸೌಟು ಹಿಡಿದವಳಲ್ಲ. ಬರಿ ಬೆರಳ ತುದಿಯಿಂದ ಎತ್ತಿ, ಮಡಿಸಿ, ಬಾಳೆ ಎಲೆಯ ಮೇಲಿಡುತ್ತಿದ್ದಳು.

ಬೀಗ ತರಲು ಕಾರಣ ಅಕ್ಕನ ತಂಗಿ ಲಿಯಾನ್. ಅವಳ ಹತ್ತಿರ ಈ ಮನೆಯ ಒಂದು ಕೀ ಇತ್ತು. ತಾನು ಕಾಫಿ ಅಂಗಡಿಗೆ ಹೋದ ಹೊತ್ತು ನೋಡಿ ಅವಳು ಬಂದು, ತನ್ನ ಒರಗು ಕುರ್ಚಿಯಲ್ಲಿ ನಿದ್ದೆ ಮಾಡಿ, ತನ್ನ ಬಿಸ್ಕತ್ತು ಖಾಲಿ ಮಾಡಿ ಹೋಗುತ್ತಾಳೆ ಎಂದು ಬೂನ್ ಟೇಕ್ ದೂರುತ್ತಿದ್ದ. ದೂರು ಸುಳ್ಳೇನೂ ಆಗಿರಲಿಲ್ಲ. ಒಂದು ದಿನ ಆತ ಯಾರಿಗೂ ಹೇಳದೆ ಬೆರಳಿಟ್ಟರೆ ತೆರೆಯುವ ಹೊಸ ಬೀಗ ಕೊಂಡು ತಂದ. ಹೊರಗಿನ ಕಬ್ಬಿಣದ ಜಾಲರಿ ಬಾಗಿಲ ಹಳೆಯ ಬೀಗವನ್ನು ಕಿತ್ತು ಕಸಕ್ಕೆ ಎಸೆದ.

ಅಂಗಡಿಯವನು ಬಂದು ಬಾಗಿಲು ಕೊರೆದು ಬೀಗ ಕೂರಿಸಿದ ದಿನ ಮಹಡಿಯ ಅರ್ಧ ಜನ ಮನೆಗಳ ಮುಂದಿನ ಓಣಿಯಲ್ಲಿ ನಿಂತು ನೋಡಿದೆವು. ಮೊದಲು ಬೂನ್ ಟೇಕ್ ಬೆರಳಿಟ್ಟ. ಬೀಗದೊಳಗಿನಿಂದ ಒಬ್ಬ ಹೆಂಗಸು ಚೀನೀ ಭಾಷೆಯಲ್ಲಿ ಮೆತ್ತಗೆ ಏನೋ ಹೇಳಿದಳು. ಹಸಿರು ದೀಪ ಹತ್ತಿತು.

"ನೋಡಿದ್ರಾ, ಸ್ವಾಗತ ಅಂತಾಳೆ," ಎಂದು ಆತ ನಮ್ಮ ಕಡೆ ತಿರುಗಿದ.

ಆಮೇಲೆ ಸುವಾನ್ ಅಕ್ಕನ ಸರದಿ. ಹೆಬ್ಬೆರಳಿಟ್ಟಳು. ಕೆಂಪು ದೀಪ. ತೋರುಬೆರಳು, ಮತ್ತೆ ಕೆಂಪು. ಪ್ರತಿ ಸಲವೂ ಆ ಹೆಂಗಸು ಒಂದೇ ಮಾತು ಅನ್ನುತ್ತಿದ್ದಳು. ಇನ್ನೊಮ್ಮೆ ಪ್ರಯತ್ನಿಸಿ.

"ಕೈ ಒರೆಸ್ಕೋ," ಎಂದ ಬೂನ್ ಟೇಕ್.

"ಒರೆಸ್ಕೊಂಡಿದೀನಿ."

"ಸರಿಯಾಗಿ ಒತ್ತು. ಹಿಟ್ಟು ನಾದೋ ಹಾಗೆ ಅಲ್ಲ."

ಅಂಗಡಿಯವನು ಅಕ್ಕನ ಕೈ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದ. ಬೆರಳ ತುದಿಗಳು ಹೊಳೆ ದಂಡೆಯ ಕಲ್ಲಿನಂತೆ ನುಣ್ಣಗಿದ್ದವು. "ಆಂಟಿ, ನಿಮ್ಮ ಬೆರಳಲ್ಲಿ ಗೆರೆನೇ ಉಳಿದಿಲ್ಲ. ಯಂತ್ರಕ್ಕೆ ಹಿಡಿಯೋಕೆ ಏನೂ ಸಿಗ್ತಿಲ್ಲ," ಎಂದ. "ಪರವಾಗಿಲ್ಲ, ನಂಬರ್ ಒತ್ತಿದ್ರೂ ತೆಗೆಯುತ್ತೆ. ಅಂಕಲ್ ಇಟ್ಟುಕೊಡ್ತಾರೆ."

"ಬೀಗಕ್ಕೂ ಗೊತ್ತಾಗೋಯ್ತು ನೋಡು ನೀನು ಯಾರು ಅಂತ," ಎಂದು ಬೂನ್ ಟೇಕ್ ನಕ್ಕ. ನಿಂತಿದ್ದ ಒಬ್ಬಿಬ್ಬರು ನಕ್ಕರು. ಅಕ್ಕ ಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಒಳಗೆ ಹೋದಳು.

ಆತನನ್ನು ಒಂದು ವಿಷಯಕ್ಕೆ ಮೆಚ್ಚಲೇಬೇಕು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಬೀಗದ ಜೊತೆ ಬಂದ ಇರುವೆಗಾತ್ರದ ಅಕ್ಷರಗಳ ಪುಸ್ತಕವನ್ನು ಭೂತಗನ್ನಡಿ ಹಿಡಿದು ಮೊದಲಿಂದ ಕೊನೆಯವರೆಗೆ ಓದಿದ. ಗೊತ್ತಾಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಅಂಗಡಿಗೆ ಹೋಗಿ ಕೇಳಿ ಬಂದ. ತಪ್ಪು ಗುಂಡಿ ಒತ್ತಿ ಎರಡು ಸಲ ತಾನೇ ಹೊರಗೆ ನಿಂತ. ಕೊನೆಗೆ ಎಲ್ಲವನ್ನೂ ಕಲಿತ. ನಂಬರನ್ನೂ ಇಟ್ಟ. ಹೆಂಡತಿಗೆ ಮಾತ್ರ ಹೇಳಲಿಲ್ಲ.

"ನಿನಗೆ ಹೇಳಿದ್ರೆ ಸಂಜೆಗೆ ನಿನ್ನ ತಂಗಿಗೆ ಗೊತ್ತಿರುತ್ತೆ," ಎಂದನಂತೆ. "ಗಂಟೆ ಒತ್ತು. ನಾನು ಮನೇಲೇ ಇರ್ತೀನಲ್ಲ, ತೆಗೀತೀನಿ."

ಅಂದಿನಿಂದ ಅಕ್ಕ ತನ್ನ ಮನೆಯ ಬಾಗಿಲಲ್ಲೇ ನೆಂಟಳಂತೆ ನಿಲ್ಲತೊಡಗಿದಳು. ಮಾರುಕಟ್ಟೆಯಿಂದ ಬಂದು ಗಂಟೆ ಒತ್ತುವಳು. ಒಳಗೆ ಟಿವಿ ಸದ್ದು. ಮತ್ತೆ ಒತ್ತುವಳು. ಬಹಳ ಹೊತ್ತಿನ ಮೇಲೆ ಬೂನ್ ಟೇಕ್ ಬಂದು ಬಾಗಿಲು ತೆಗೆದು, "ಕೇಳಿಸಲಿಲ್ಲ," ಅನ್ನುವನು. ಆತನಿಗೆ ಕಿವಿ ಸ್ವಲ್ಪ ಮಂದವೇ. ಆದರೆ ಕೆಳಗಿನ ಬೀದಿಯಲ್ಲಿ ಐಸ್‌ಕ್ರೀಮ್ ಗಾಡಿಯವನ ಗಂಟೆ ಅದೇ ಕಿವಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ಎಷ್ಟೋ ಸಲ ನಾನು ಅಕ್ಕನನ್ನು ನನ್ನ ಮನೆಗೆ ಕರೆದು ಕೂರಿಸಿದೆ. "ನೀನಾದ್ರೂ ಗಟ್ಟಿಯಾಗಿ ಕೇಳಬಾರದಾ ಅಕ್ಕ, ನಂಬರ್ ಕೊಡು ಅಂತ?"

"ಕೇಳಿದೆ ರೋಹಾನಿ. ನಿನ್ನ ಬೆರಳು ಸರಿಮಾಡ್ಕೊಂಡು ಬಾ ಅಂದ."

ಒಂದು ಮಧ್ಯಾಹ್ನ ನಾನು ಕ್ಲಿನಿಕ್ಕಿಗೆ ಹೋಗಿದ್ದೆ. ಬಿಸಿಲಲ್ಲಿ ಬೆಂದು, ಲಿಫ್ಟಿನಿಂದ ಹೊರಗೆ ಬಂದರೆ ಸುವಾನ್ ಅಕ್ಕ ತನ್ನ ಬಾಗಿಲ ಮುಂದೆ ಮಂಡಿಯೂರಿ ನೆಲ ಒರೆಸುತ್ತಿದ್ದಳು. ಮೀನು ಸುತ್ತಿ ಕೊಟ್ಟ ಪೇಪರಿನಿಂದ ಒರೆಸುತ್ತಿದ್ದಳು. ಪಕ್ಕದಲ್ಲಿ ಸೊಪ್ಪಿನ ಚೀಲ ಬಾಡಿ ಬಿದ್ದಿತ್ತು. ಆಕೆಯ ಪ್ಯಾಂಟು ಮೊಣಕಾಲಿನವರೆಗೂ ಒದ್ದೆ.

"ಕುಡಿಯೋ ನೀರು ಚೆಲ್ಲಿಹೋಯ್ತು," ಎಂದಳು, ನನ್ನ ಮುಖ ನೋಡದೆ.

ನಾನು ಆಕೆಯನ್ನು ಎಬ್ಬಿಸಿದೆ. ನನ್ನ ಮನೆ ಬಾಗಿಲು ತೆಗೆದು, ಸುತ್ತಿಕೊಳ್ಳಲು ಲುಂಗಿಯಂಥ ನನ್ನದೊಂದು ಸರೋಂಗ್ ಕೊಟ್ಟೆ. ಬಚ್ಚಲಿನಲ್ಲಿ ಬಹಳ ಹೊತ್ತು ನೀರು ಬೀಳುವ ಸದ್ದು ಬಂತು. ಆಕೆ ಹೊರಗೆ ಬರುವ ಹೊತ್ತಿಗೆ ಬೂನ್ ಟೇಕ್ ನಿದ್ದೆಯಿಂದೆದ್ದು ಬಾಗಿಲು ತೆಗೆದಿದ್ದ. ಸರೋಂಗ್ ನೋಡಿ, "ಇದೇನು ವೇಷ?" ಎಂದ. ಅಕ್ಕ ಆತನನ್ನು ದಾಟಿಕೊಂಡು ಒಳಗೆ ಹೋದಳು. ಅವತ್ತು ಅವರ ಮನೆಯಲ್ಲಿ ಜಗಳವಾಗಲಿಲ್ಲ. ಅದೇ ನನಗೆ ಸರಿಕಾಣಲಿಲ್ಲ.

ಅದಾದ ಕೆಲವು ದಿನಗಳಿಗೆ, ಬೂನ್ ಟೇಕ್ ಎಂದಿನಂತೆ ಕಾಫಿ ಅಂಗಡಿಗೆ ಇಳಿದು ಹೋದ ಮೇಲೆ, ಮಾರುಕಟ್ಟೆಯಲ್ಲಿ ಕೀ ಮಾಡಿಕೊಡುವ ಪೆಂಗ್ ತನ್ನ ಪೆಟ್ಟಿಗೆ ಹಿಡಿದುಕೊಂಡು ಅವರ ಮನೆಗೆ ಬಂದ. ಸ್ವಲ್ಪ ಹೊತ್ತು ಡ್ರಿಲ್ಲಿನ ಸದ್ದಾಯಿತು. ಅಲ್ಲಿ ನಡೆದ ಮಾತನ್ನು ಅಕ್ಕ ನನಗೆ ಆಮೇಲೆ ಹೇಳಿದಳು. ಬೀಗದ ಒಳಬದಿಯ ಮುಚ್ಚಳ ಬಿಚ್ಚಿ ಬ್ಯಾಟರಿಗಳನ್ನು ತೆಗೆದರೆ ಹೊರಗಿನವರಿಗೆ ಅದು ಸತ್ತಂತೆಯೇ ಎಂದು ಪೆಂಗ್ ತೋರಿಸಿದ. ಆಮೇಲೆ, "ಆದ್ರೆ ಪುಸ್ತಕ ಓದಿದೋರಾಗಿದ್ರೆ ಹೊರಗಿನಿಂದಲೂ ಒಂದು ಬ್ಯಾಟರಿ ತಾಗಿಸಿ ಎಬ್ಬಿಸ್ತಾರೆ," ಎಂದ. "ಅವನು ಓದಿದಾನೆ," ಎಂದಳು ಅಕ್ಕ. "ಸರಪಳಿನೂ ಹಾಕು."

ಮಧ್ಯಾಹ್ನಕ್ಕೆ ಮುಂಚೆ ಬೂನ್ ಟೇಕ್ ಮೇಲೆ ಬಂದ. ಬೆರಳಿಟ್ಟ. ದೀಪವೂ ಇಲ್ಲ, ಸದ್ದೂ ಇಲ್ಲ. ಇನ್ನೊಂದು ಬೆರಳಿಟ್ಟ. ಗಂಟೆ ಒತ್ತಿದ, ಅದೂ ಆ ಬೀಗದಲ್ಲೇ ಇದ್ದದ್ದು, ಅದೂ ಸುಮ್ಮನೆ. ಕೊನೆಗೆ ಬಾಗಿಲು ಬಡಿದ. ನಾನು ಹೊರಗೆ ಬಂದೆ.

"ಬ್ಯಾಟರಿ ಹೋಗಿದೆ," ಎಂದ ನನಗೆ. "ಇಷ್ಟು ಬೇಗ ಹೋಗಬಾರದು. ಏ ಮುದುಕಿ, ಒಳಗಿಂದ ಹಿಡಿ ತಿರುಗಿಸು."

ಒಳಗೆ ಟಿವಿ ಸದ್ದು ಜೋರಾಯಿತು.

"ಮುದುಕಿ."

"ಕೇಳಿಸ್ತಿಲ್ಲ," ಎಂದಿತು ಒಳಗಿನ ದನಿ.

ಆತ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಆತ ಕೆಳಗಿಳಿದು ಹೋಗಿ ಅಂಗಡಿಯಿಂದ ಒಂದು ಚೌಕನೆಯ ಬ್ಯಾಟರಿ ತಂದ. ಬೀಗದ ಅಡಿಗೆ ಬಗ್ಗಿ, ತಾಗಿಸುವ ಜಾಗ ಹುಡುಕಿ ಹುಡುಕಿ ಅದನ್ನು ತಾಗಿಸಿದ. ಬೀಗಕ್ಕೆ ಜೀವ ಬಂತು. ಬೆರಳಿಟ್ಟ. ಆ ಹೆಂಗಸು ಸ್ವಾಗತ ಅಂದಳು. ಆತ ಗೆದ್ದವನಂತೆ ಬಾಗಿಲು ತಳ್ಳಿದ. ನಾಲ್ಕು ಬೆರಳಗಲ ತೆರೆದು ಬಾಗಿಲು ನಿಂತಿತು. ಅಡ್ಡಕ್ಕೆ ಹೊಸ ಸರಪಳಿ ಬಿಗಿದುಕೊಂಡಿತ್ತು. ಅದರ ಹಿಂದೆ ಸುವಾನ್ ಅಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಇದೇನಿದು?"

"ಸರಪಳಿ. ಇದಕ್ಕೆ ಬೆರಳು ಬೇಡ."

"ತೆಗಿ."

"ನಂಬರ್ ಹೇಳು, ತೆಗೀತೀನಿ."

"ಯಾವ ನಂಬರ್? ನನ್ನ ಮನೆ, ನಾನು ತಂದ ಬೀಗ."

"ಹಾಗಾದ್ರೆ ನಿನ್ನ ಮನೆ ಹೊರಗೆ ನಿಂತ್ಕೋ."

ಆತ ಬೈದ. ಅವಳ ಅಪ್ಪನನ್ನು ಬೈದ, ಅವಳ ತಂಗಿಯನ್ನು ಬೈದ, ಅಪೋಮ್ ಮಾರಿ ಬದುಕಿದ ಕೈ ಎಂದು ಬೈದ. ಅಕ್ಕ ಕುರ್ಚಿಯಿಂದೆದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಉಪ್ಪುಮೀನು ಕರಿಯುವ ವಾಸನೆ ಆ ಸಂದಿಯಿಂದ ಹೊರಗೆ ಬಂತು. ನಾನು ಆತನಿಗೆ ಒಂದು ಸ್ಟೂಲು ಕೊಟ್ಟೆ, ಅನ್ನ ಕೊಡುತ್ತೇನೆಂದೆ. ಬೇಡವೆಂದ. ಅಕ್ಕ ತಟ್ಟೆ ತಂದು ಅದೇ ಕುರ್ಚಿಯಲ್ಲಿ, ಆತನಿಗೆ ಕಾಣುವಂತೆ ಕೂತು ಉಂಡಳು.

ಆಮೇಲೆ ಆತ ಸ್ಟೂಲಿನಿಂದ ಏಳುವುದು, ಓಣಿಯ ತುದಿವರೆಗೆ ಹೋಗಿ ಬರುವುದು, ಕಾಲು ಬದಲಿಸಿ ನಿಲ್ಲುವುದು ಶುರುವಾಯಿತು. ಕಾರಣ ನನಗೆ ಗೊತ್ತಾಯಿತು. ಅಕ್ಕನಿಗೂ ಗೊತ್ತಾಯಿತು.

"ರೋಹಾನಿ," ಎಂದ ಆತ ಸಣ್ಣ ದನಿಯಲ್ಲಿ. "ನಿಮ್ಮ ಬಚ್ಚಲು..."

"ರೋಹಾನಿ, ನಿನ್ನ ಬಾಗಿಲು ತೆಗೆದ್ರೆ ನನ್ನ ನಿನ್ನ ಮಾತು ಇಲ್ಲಿಗೆ ಮುಗೀತು," ಎಂದಳು ಅಕ್ಕ ಒಳಗಿನಿಂದ. ದನಿ ಎತ್ತರಿಸಲೂ ಇಲ್ಲ. "ನಾನು ಅವತ್ತು ಇಲ್ಲೇ ನಿಂತಿದ್ದೆ. ಅವನೂ ನಿಂತಿರಲಿ."

"ಅಕ್ಕ, ವಯಸ್ಸಾದ ಮನುಷ್ಯ."

"ನಾನೇನು ಎಳೇ ಮಗುನಾ?"

ಬೂನ್ ಟೇಕ್ ನನ್ನನ್ನೊಮ್ಮೆ, ಸಂದಿಯನ್ನೊಮ್ಮೆ ನೋಡಿದ. "ಅವತ್ತು ಅಂದ್ರೆ ಯಾವತ್ತು? ಏನಾಯ್ತು?"

ಆತನಿಗೆ ಸರೋಂಗ್ ನೆನಪಾಯಿತೋ ಏನೋ, ಮುಖ ಒಂದು ಥರ ಆಯಿತು. ನಾನು ನನ್ನ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದೆ. ಆತ ತಲೆ ತಗ್ಗಿಸಿಕೊಂಡು ಒಳಗೆ ಓಡಿದ. ಸಂದಿಯಿಂದ ಅಕ್ಕನ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

ಹೊರಗೆ ಬಂದವನು ಸ್ಟೂಲಿನಲ್ಲಿ ಕೂರಲಿಲ್ಲ. ಬಾಗಿಲ ಸಂದಿಗೆ ಬಾಯಿಟ್ಟು ಏನೋ ಪಿಸುಗುಟ್ಟಿದ.

"ಕೇಳಿಸ್ತಿಲ್ಲ," ಎಂದಳು ಅಕ್ಕ.

ಇನ್ನೂ ಸ್ವಲ್ಪ ಜೋರಾಗಿ ಹೇಳಿದ.

"ಕೇಳಿಸ್ತಿಲ್ಲ."

"ಎರಡು, ಸೊನ್ನೆ, ಏಳು, ಏಳು, ಮೂರು, ಒಂದು," ಎಂದು ಆತ ಕೂಗಿ ಹೇಳಿದ. ಎದುರು ಮನೆಯವರ ಕಿಟಕಿ ತೆರೆಯಿತು. "ನನ್ನ ಬ್ಯಾಡ್ಜ್ ನಂಬರ್. ಸಾಕಾ?"

ಸರಪಳಿ ಜಾರಿತು. ಅಕ್ಕ ಬ್ಯಾಟರಿಗಳನ್ನು ಮತ್ತೆ ಕೂರಿಸಿ ಹೊರಗೆ ಬಂದಳು. ಬಾಗಿಲೆಳೆದುಕೊಂಡು, ಆ ನುಣುಪು ಬೆರಳಿನಿಂದ ಒಂದೊಂದೇ ಅಂಕಿ ಒತ್ತಿದಳು. ಹಸಿರು ದೀಪ ಹತ್ತಿತು. ಮತ್ತೆ ಮುಚ್ಚಿ ಮತ್ತೆ ಒತ್ತಿ ನೋಡಿದಳು. ಆಮೇಲೆ ಆತನನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಆತ ಹಿಂದೆಯೇ ಹೋದ.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಳು, ಅದೊಂದು ನೋವು. ಆದರೆ ಆಕೆಗೆ ಗಂಡನ ಬುದ್ಧಿ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾಳೆ ಬೆಳಗಾದರೆ ನಂಬರ್ ಬದಲಾಗಿರುತ್ತದೆ. ಹಾಗಾಗಿ ಅದೇ ಸಂಜೆ, ಆತ ಸ್ನಾನಕ್ಕೆ ಹೋದಾಗ, ಪೆಂಗ್‌ಗೆ ಫೋನ್ ಮಾಡಿ, ಅವನು ಹೇಳಿದಂತೆ ಬೀಗದ ಒಂದೊಂದೇ ಗುಂಡಿ ಒತ್ತಿದಳು. ಎರಡು ಸಲ ತಪ್ಪಿತಂತೆ, ಮೂರನೆಯ ಸಲ ಬಂತು. ಬ್ಯಾಡ್ಜ್ ನಂಬರ್ ಹೋಗಿ ಆಕೆಯ ನಂಬರ್ ಬಂತು. ಬೂನ್ ಟೇಕ್‌ನ ಬೆರಳನ್ನೂ ಅಳಿಸಿದಳು.

ಮರುದಿನ ಕಾಫಿ ಕುಡಿದು ಬಂದು ಆತ ಬೆರಳಿಟ್ಟಾಗ ಕೆಂಪು ದೀಪ ಹತ್ತಿತು. ಬೀಗದ ಹೆಂಗಸು ಇನ್ನೊಮ್ಮೆ ಪ್ರಯತ್ನಿಸಿ ಅಂದಳು. ಆತ ಹತ್ತೂ ಬೆರಳು ಇಟ್ಟು ನೋಡಿದ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಗಂಟೆ ಒತ್ತಿದ. ಒಂದೇ ಸಲಕ್ಕೆ, ಕಾಯಿಸದೆ, ಬಾಗಿಲು ತೆರೆಯಿತು. ಅಕ್ಕ ಆತನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಬಾ," ಎಂದಳು. ಆತ ಚಪ್ಪಲಿ ಬಿಟ್ಟು ಒಳಗೆ ಹೋದ.

ಅಕ್ಕ ಒಮ್ಮೆಯೂ ಆತನನ್ನು ಕಾಯಿಸಲಿಲ್ಲ. ಎಷ್ಟು ಸಲ ಗಂಟೆ ಒತ್ತಿದರೂ ಕೂಡಲೇ ಎದ್ದು ಬಂದಳು, ಅದೇ ನೋಟ ನೋಡಿದಳು, ಅದೇ "ಬಾ" ಅಂದಳು. ಹಾಗೆ ಕೆಲವು ದಿನ ನಡೆಯಿತು. ಆಮೇಲೆ ಬೂನ್ ಟೇಕ್ ಹೊರಗೆ ಹೋಗುವುದನ್ನೇ ಬಿಟ್ಟ. ಕಾಫಿ ಅಂಗಡಿಯ ಗೆಳೆಯರು ಫೋನ್ ಮಾಡಿದರೆ ಮಂಡಿನೋವು ಅನ್ನುತ್ತಿದ್ದ. ಅಕ್ಕ ಮಾತ್ರ ಬೆಳಿಗ್ಗೆ ಹೊರಟರೆ ಮಾರುಕಟ್ಟೆ, ದೇವಸ್ಥಾನ, ತಂಗಿಯ ಮನೆ ಎಂದು ಸಂಜೆಗೇ ಬರುತ್ತಿದ್ದಳು.

ನನ್ನೊಡನೆ ಆಕೆ ಮತ್ತೆ ಮಾತಾಡಿದ್ದು ಹಬ್ಬಕ್ಕೆ ನಾನು ಕೊಟ್ಟ ಕೇತುಪಾಟ್ ಎಂಬ ಅನ್ನದ ಕಡುಬಿನ ಪಾತ್ರೆ ವಾಪಸು ಮಾಡಲು ಬಂದಾಗ. ನಾನು ಆಗಲೇ ಕೇಳಿಬಿಟ್ಟೆ. "ಸಾಕಲ್ವಾ ಅಕ್ಕ? ಆ ನಂಬರ್ ಕೊಟ್ಟುಬಿಡು."

"ಕೇಳಿದ್ರೆ ಕೊಡ್ತೀನಿ," ಎಂದಳು. "ಅವನ ಥರ ಅಲ್ಲ ನಾನು. ಬಾಯಿಬಿಟ್ಟು ಕೇಳ್ಲಿ, ಅಷ್ಟೇ."

ಒಂದು ಬೆಳಿಗ್ಗೆ ಅಕ್ಕ ಹೊರಟುಹೋದ ಮೇಲೆ, ಕೆಳಗಿನ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿದ ಕಾಫಿ ತಂದು ಅವರ ಗಂಟೆ ಒತ್ತಿದೆ. ಬೂನ್ ಟೇಕ್ ಬನಿಯನ್ನಿನಲ್ಲಿದ್ದ. ಗಡ್ಡ ಬೆಳೆದಿತ್ತು.

"ಅಣ್ಣ, ಒಂದು ಮಾತು ಕೇಳಿದ್ರೆ ಅಕ್ಕ ನಂಬರ್ ಕೊಡ್ತಾಳೆ."

"ನನ್ನ ಮನೆ ನಂಬರ್ ನಾನ್ಯಾಕೆ ಕೇಳ್ಲಿ?"

"ಅವಳೂ ಅದನ್ನೇ ಕೇಳಿದ್ದಲ್ವಾ ನಿಮ್ಮನ್ನ?"

ಆತ ಚೀಲ ತೆಗೆದುಕೊಂಡು, ಹುರಿ ಬಿಚ್ಚಿ, ಸ್ಟ್ರಾ ಹಾಕಿ ಒಂದು ಗುಟುಕು ಎಳೆದ. ಮುಖ ಸಿಂಡರಿಸಿದ.

"ನಾಳೆ ತರೋದಾದ್ರೆ ಸಕ್ಕರೆ ಕಡಿಮೆ ಹಾಕ್ಸು," ಎಂದು ಹೇಳಿ ಬಾಗಿಲು ಹಾಕಿಕೊಂಡ.