ವಾರಿಜಕ್ಕನ ನವಿಲುಭಕ್ತಿ

ಎರಡು ಸಲ ಅಲಸಂಡೆ ಹಾಕಿದೆ. ಎರಡು ಸಲವೂ ಎರಡೆಲೆ ಮೂಡುವಷ್ಟರಲ್ಲಿ ನವಿಲುಗಳು ಕುಕ್ಕಿ ಮುಗಿಸಿದವು. ಉಳಿದದ್ದು ಒಂದೇ ಹಿಡಿ ಬೀಜ. ಇದೂ ಹೋದರೆ ಅಮ್ಮ ಇಷ್ಟು ವರ್ಷ ಕಾಪಾಡಿದ ತಳಿ ನನ್ನ ಕೈಯಲ್ಲಿ ಮುಗಿದ ಹಾಗೆ. ಅದನ್ನೂ ಬಿತ್ತಿ, ಮಲ್ಪೆಯಿಂದ ಹಳೆಯ ಮೀನಿನ ಬಲೆ ತರಿಸಿ ಸಾಲಿನ ಮೇಲೆ ಬಿಗಿದು ಕಟ್ಟಿದೆ. ದಿನಕ್ಕೆ ಐದು ಸಲ ಹೋಗಿ ಒಂದೊಂದು ಗಂಟನ್ನೂ ಮುಟ್ಟಿ ನೋಡುತ್ತಿದ್ದೆ.

ಹಿರಿಯಡ್ಕದಲ್ಲಿ ನವಿಲುಗಳಿಗೆ ಬರವಿಲ್ಲ. ಆದರೆ ನಮ್ಮ ಅಂಗಳಕ್ಕೆ ಅವು ಬರುತ್ತಿದ್ದದ್ದು ಕರೆಯ ಮೇರೆಗೆ. ಗಂಡನ ಅಣ್ಣನ ಹೆಂಡತಿ ವಾರಿಜಕ್ಕನ ಮನೆ ಪಕ್ಕದಲ್ಲೇ. ನಡುವೆ ಬೇಲಿಯೂ ಇಲ್ಲ. ಬೆಳಿಗ್ಗೆ ಏಳಕ್ಕೆ ಅವರು ಮೆಟ್ಟಿಲ ಕೆಳಗೆ ಅಕ್ಕಿ ಚೆಲ್ಲಿ, ಕೈಮುಗಿದು ನಿಲ್ಲುತ್ತಿದ್ದರು. ಭಾವ ವಿಡಿಯೊ ತೆಗೆದು ಕುಟುಂಬದ ಗ್ರೂಪಿಗೆ ಹಾಕುತ್ತಿದ್ದರು. ವಿಡಿಯೊ ಸರಿಯಾಗಿ ಬಾರದಿದ್ದರೆ ಇನ್ನೊಮ್ಮೆ ಕೈಮುಗಿಯುವುದೂ ಇತ್ತು.

"ಸುಬ್ರಹ್ಮಣ್ಯ ದೇವರ ನವಿಲಿಗೆ ಬಲೆ ಹಾಕುವುದಾ ಶರ್ಮಿಳಾ? ಓದಿದವಳು ನೀನು."

"ನವಿಲಿಗಲ್ಲ ಅಕ್ಕ, ಅಲಸಂಡೆಗೆ."

"ನಾಲ್ಕು ಗಿಡ ತಿಂದರೆ ಎಂತ ಆಗ್ತದೆ? ಅದಕ್ಕೂ ಹೊಟ್ಟೆ ಉಂಟಲ್ವಾ?"

ಹೊಟ್ಟೆ ತುಂಬುವುದು ನನ್ನ ತೋಟದಿಂದ, ಪುಣ್ಯ ಅವರಿಗೆ.

ಆ ವಾರ ಅವರ ಮನೆಗೆ ಹೊಸ ಕಪ್ಪು ಕಾರು ಬಂತು. ಮೂರನೆಯ ಬೆಳಿಗ್ಗೆ ಅಕ್ಕಿ ತಿಂದು ಮುಗಿಸಿದ ಗಂಡು ನವಿಲು, ಕಾರಿನ ಹೊಳೆಯುವ ಬಾಗಿಲಿನಲ್ಲಿ ಇನ್ನೊಂದು ಗಂಡು ನವಿಲನ್ನು ಕಂಡಿತು. ಭಾವ ಸ್ನಾನ ಮುಗಿಸಿ ಬರುವವರೆಗೂ ಕುಕ್ಕಿ, ಒದ್ದು ಕಾದಾಡಿತು. ಎರಡು ಬಾಗಿಲುಗಳ ತುಂಬ ಗೀರು. ಅವತ್ತು ಗ್ರೂಪಿನಲ್ಲಿ ವಿಡಿಯೊ ಇರಲಿಲ್ಲ.

ವಾರಿಜಕ್ಕ ನೇರ ನನ್ನ ತೋಟಕ್ಕೆ ಬಂದರು.

"ಆ ದರಿದ್ರ ಹಕ್ಕಿಯಿಂದ ಸಾಕಾಯ್ತು. ಬಲೆ ಬಿಚ್ಚಿ ಕೊಡು, ಕಾರಿಗೆ ಹೊದಿಸಬೇಕು."

"ದೇವರದ್ದಲ್ವಾ ಅಕ್ಕ?"

"ತಮಾಷೆ ಬೇಡ ಮಾರಾಯ್ತಿ. ನಿನ್ನದು ಬರೀ ತರಕಾರಿ."

ಅವರು ಗಂಟಿಗೆ ಕೈ ಹಾಕಿದರು. ನಾನು ಆ ಕೈ ಹಿಡಿದೆ. ಮದುವೆಯಾಗಿ ಹದಿನಾಲ್ಕು ವರ್ಷಗಳಲ್ಲಿ ಅಷ್ಟು ಧೈರ್ಯ ಮಾಡಿದ್ದು ಅದೇ ಮೊದಲು.

"ಬಲೆ ಕೊಡುವುದಿಲ್ಲ. ನೀವು ಅಕ್ಕಿ ಹಾಕುವುದು ನಿಲ್ಲಿಸಿ."

ಮರುದಿನ ಗ್ರೂಪಿಗೆ ಅವರದ್ದೇ ಸಂದೇಶ ಬಂತು: ಕಾಡುಹಕ್ಕಿಗಳಿಗೆ ಆಹಾರ ಹಾಕಿ ಅವುಗಳ ಸ್ವಭಾವ ಕೆಡಿಸಬಾರದು. ಹನ್ನೆರಡು ಮಂದಿ ಮೆಚ್ಚಿದರು.

ನವಿಲುಗಳು ನಾಲ್ಕು ದಿನ ಖಾಲಿ ಮೆಟ್ಟಿಲ ಬಳಿ ಕಾದವು, ನನ್ನ ಬಲೆಗೆ ಸುತ್ತು ಹಾಕಿದವು, ಆಮೇಲೆ ಬರುವುದನ್ನು ಬಿಟ್ಟವು. ಬಳ್ಳಿಗಳು ಹಬ್ಬಿ ಕಾಯಿ ಬಿಟ್ಟಾಗ ವಾರಿಜಕ್ಕ ಬುಟ್ಟಿ ಹಿಡಿದು ಬಂದರು.

"ಮೊದಲ ಕಾಯಿಯೆಲ್ಲ ಬೀಜಕ್ಕೆ, ಅಕ್ಕ," ಎಂದೆ.