ರುಕಿಯಮ್ಮ ಕುಕ್ಕುಂದೂರಿನ ಮನೆ ನೋಡಲು ಹೋದದ್ದು

ಕಾಪುವಿನ ರುಕಿಯಮ್ಮ ನೋಡಿ ಒಪ್ಪಿದ ಮನೆಗೆ ಹೆಣ್ಣು ಕೊಟ್ಟವರು ಯಾರೂ ಅತ್ತದ್ದಿಲ್ಲ ಎಂಬುದು ಲೈಟ್‌ಹೌಸಿನಿಂದ ಪಡುಬಿದ್ರೆಯವರೆಗೆ ಎಲ್ಲರಿಗೂ ಗೊತ್ತಿತ್ತು. ಅವಳು ಹೇಳಿ ಹೋಗುವವಳೇ ಅಲ್ಲ. ಕಳೆದುಹೋದ ಆಡನ್ನು ಹುಡುಕಿಕೊಂಡು ಬಂದವಳಂತೆ ಗಂಡಿನ ಮನೆಯ ಅಂಗಳಕ್ಕೆ ಹೊಕ್ಕು, "ಸ್ವಲ್ಪ ನೀರು ಕೊಡಿಯಮ್ಮ" ಎಂದು ಜಗಲಿಯಲ್ಲಿ ಕುಳಿತಳೆಂದರೆ ಮುಗಿಯಿತು. ನೀರು ಬರುವಷ್ಟರಲ್ಲಿ ಬಾವಿಹಗ್ಗದ ಗಂಟು, ಚಾಪೆಯ ಅಡಿ, ಅತ್ತೆಯ ಗಂಟಲು, ಅಂಗಳದ ಕೋಳಿಗಳ ಹೊಟ್ಟೆ ಎಲ್ಲವನ್ನೂ ನೋಡಿ ಆಗಿರುತ್ತಿತ್ತು. ಕೋಳಿಗೆ ಹೊಟ್ಟೆ ತುಂಬ ಹಾಕದವರು ಸೊಸೆಗೆ ಎಂತ ಹಾಕುತ್ತಾರೆ ಎಂದು ಅವಳ ವಾದ. ಹೀಗೆ ನೋಡಿದ ಮನೆಗಳು ನಾನೂರೋ ನಾಲ್ಕು ಸಾವಿರವೋ. ಆಡು ಮಾತ್ರ ಅದುವರೆಗೂ ಸಿಕ್ಕಿರಲಿಲ್ಲ.

ತಪ್ಪಿದ್ದು ಒಂದೇ ಮನೆ. ಮೊಟ್ಟಮೊದಲು ನೋಡಿದ್ದು. ಅದೂ ಸ್ವಂತ ತಂಗಿ ಆಸಿಯಮ್ಮನಿಗೆ.

ಆಗ ರುಕಿಯಮ್ಮನಿಗೆ ಇಪ್ಪತ್ತು ವರ್ಷ. ಬಾವಿಯಲ್ಲಿ ಕನ್ನಡಿಯಂಥ ನೀರು, ಆಡಿನಷ್ಟು ದಪ್ಪದ ಕೋಳಿಗಳು, ಗಂಡು ಕುಂಞಿ ಮೊಹಮ್ಮದ್ ಕುಡಿಯುವವನಲ್ಲ, ಬೈಯುವವನಲ್ಲ. ಮಾತನಾಡುವವನೂ ಅಲ್ಲ ಎಂಬುದು ನಿಕಾಹ್ ಆದ ಮೇಲೆ ತಿಳಿಯಿತು. ಆಸಿಯಮ್ಮನೋ, ಬಂಗುಡೆ ಮೀನು ಕೊಯ್ಯುವಾಗ ಬಂಗುಡೆಯ ಹತ್ತಿರವೂ ಊರಿನ ಸುದ್ದಿ ಹೇಳುವವಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವನು ಆಡಿದ್ದನ್ನೆಲ್ಲ ಒಂದು ಬಸ್ ಟಿಕೇಟಿನ ಹಿಂದೆ ಬರೆದರೂ ಜಾಗ ಉಳಿಯುತ್ತಿತ್ತು. ಸಾಯುವ ದಿನ ಅವನು "ಆಯಿತು" ಎಂದನಂತೆ. ಯಾವುದಕ್ಕೆ ಆಯಿತು ಎಂದದ್ದು ಎಂದು ಆಸಿಯಮ್ಮ ಎಂಟು ವರ್ಷದಿಂದ ಯೋಚಿಸುತ್ತಲೇ ಇದ್ದಳು.

ಎಂಬತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಆ ಆಸಿಯಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಮಣಿಪಾಲದ ಡಾಕ್ಟರು ಹೊಟ್ಟೆ ತೆರೆದು ನೋಡಿ ಹಾಗೆಯೇ ಹೊಲಿದರು. ಮಗ ಯೂಸುಫ್‌ನನ್ನು ಹೊರಗೆ ಕರೆದು, ಇನ್ನು ಮಾಡುವುದು ಏನೂ ಇಲ್ಲ, ನೋವಾಗದ ಹಾಗೆ ನೋಡಿಕೊಂಡರೆ ಸಾಕು ಎಂದರು. ಯೂಸುಫ್‌ನಿಗೆ ಕಾಪು ಪೇಟೆಯಲ್ಲಿ ಚಪ್ಪಲಿ ಅಂಗಡಿ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಂಬತ್ತು ಜನ. ಸೂಜಿ ಚುಚ್ಚುವವರು, ಗಾಯ ತೊಳೆಯುವವರು ಒಬ್ಬರೂ ಇಲ್ಲ. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಝೀಟಾ ಎಂಬ ಸಿಸ್ಟರ್ ಇಂಥವರಿಗೆಂದೇ ಒಂದು ಮನೆ ನಡೆಸುತ್ತಾರೆ, ಕೊನೆಯವರೆಗೆ ನೋಡಿಕೊಳ್ಳುತ್ತಾರೆ ಎಂದು ಡಾಕ್ಟರೇ ಚೀಟಿ ಬರೆದುಕೊಟ್ಟರು. ರೋಗಿಗೆ ವಿಷಯ ತಿಳಿಸಿಲ್ಲ ಎಂದು ಚೀಟಿಯ ಕೊನೆಯಲ್ಲಿ ಗೆರೆ ಎಳೆದು ಬರೆದಿದ್ದರು.

ಆಸಿಯಮ್ಮನಿಗೆ ಯಾರೂ ತಿಳಿಸಬೇಕಾಗಿರಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡೇ ಅಕ್ಕನನ್ನು ನೋಡಿ ನಕ್ಕಳು.

"ಅಕ್ಕಾ, ನೀನು ಹೋಗಿ ಮನೆ ನೋಡಿ ಬಾ. ಒಂದು ಸಲ ತಪ್ಪಿದ್ದಿ. ಈ ಸಲವೂ ತಪ್ಪಿದರೆ ನಿನ್ನನ್ನು ಬೈಲಿಕ್ಕೆ ನಾನು ಇರುವುದಿಲ್ಲ."

ಆ ಮಾತು ರುಕಿಯಮ್ಮನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮರುದಿನವೇ ಯೂಸುಫ್‌ನನ್ನು ಕರೆದುಕೊಂಡು ಹೊರಟಳು. ಕಾರ್ಕಳದ ಬಸ್ಸಿನಲ್ಲಿ ಅವನ ಕಿವಿಗೆ ಹೇಳಿದಳು:

"ಹೇಳಿ ಹೋದರೆ ಎಲ್ಲರೂ ಒಳ್ಳೆಯವರೇ ಮಾರಾಯ. ನಾನೇ ರೋಗಿ ಅಂತ ಮಾಡ್ತೇನೆ. ಒಂದು ಗಂಟೆ ಮಲಗಿ ನೋಡುವಾ. ನಾನು ಎಂತ ಹೇಳಿದರೂ ನೀನು ಬಾಯಿ ಬಿಡಬಾರದು. ತಿಳಿಯಿತಾ?"

ಯೂಸುಫ್ ತಲೆ ಅಲ್ಲಾಡಿಸಿದ. ಅವನು ಎಲ್ಲದರಲ್ಲೂ ಕುಂಞಿ ಮೊಹಮ್ಮದ್‌ನ ಮಗ.

ಮೊದಲು ನೆರೆಮನೆ. ಆ ಮನೆಯ ಮೇಲೆ ಯಾರಿಗೆ ಕೋಪ ಉಂಟೋ ಅವರನ್ನೇ ಕೇಳಬೇಕು ಎಂಬುದು ರುಕಿಯಮ್ಮನ ಹಳೆಯ ಕ್ರಮ. ಬೇಲಿಯ ಆಚೆ ಫೌಸ್ಟಿನ್ ಎಂಬವನು ಈಜಿಚೇರಿನಲ್ಲಿ ಮುಖ ಗಂಟು ಹಾಕಿ ಕುಳಿತಿದ್ದ. ಆ ಮುಖ ನೋಡಿಯೇ ಅವಳಿಗೆ ಸಮಾಧಾನವಾಯಿತು.

"ಇಲ್ಲಿ ಒಂದು ಆಡು ಬಂತಾ? ಕಪ್ಪು, ಒಂದು ಕಿವಿ ಬಿಳಿ."

"ಆಡು ಗೀಡು ಇಲ್ಲ."

"ಈ ಪಕ್ಕದ ಮನೆಗೆ ಹೊಕ್ಕಿತೋ ಏನೋ. ಅವರು ಹೇಗೆ, ಜನ?"

ಫೌಸ್ಟಿನ್ ಎದ್ದೇ ನಿಂತ. "ಅವರ ಸುದ್ದಿ ಹೇಳಬೇಡಿ ಅಮ್ಮಾ! ಸಾಯಲಿಕ್ಕೆ ಬಂದವರು ಸುಮ್ಮನೆ ಸಾಯುವುದಲ್ವಾ? ಇವರದ್ದು ಹಗಲಿಡೀ ನಗು! ಮಧ್ಯಾಹ್ನ ಊಟ ಮಾಡಿ ಕಣ್ಣು ಮುಚ್ಚಿದರೆ ಅಲ್ಲಿಂದ ಕಿಸಿಕಿಸಿ. ಮೂರು ವರ್ಷದಿಂದ ನನಗೆ ನಿದ್ದೆ ಇಲ್ಲ ಮಾರಾಯ್ರೇ. ಪಂಚಾಯತಿಗೆ ಅರ್ಜಿ ಕೊಟ್ಟೆ. ನಗುವಿಗೆ ಕಾನೂನು ಇಲ್ಲವಂತೆ."

ರುಕಿಯಮ್ಮ ಯೂಸುಫ್‌ನ ಕಡೆ ಒಮ್ಮೆ ಅರ್ಥವಾಗುವಂತೆ ನೋಡಿದಳು. ಅಲ್ಲಿಂದ ನಾಲ್ಕು ಹೆಜ್ಜೆ ಬಂದು, ಅವನ ಹೆಗಲಿಗೆ ಜೋತುಬಿದ್ದು, ಒಂದು ನರಳು ನರಳಿದಳು. ಕಾರ್ಕಳದ ಬೆಟ್ಟದ ಮೇಲಿನ ಗೊಮ್ಮಟನೂ ಕತ್ತು ತಿರುಗಿಸಿ ನೋಡಿರಬೇಕು.

ಝೀಟಾ ಸಿಸ್ಟರ್ ಓಡಿ ಬಂದರು. ಯೂಸುಫ್ ಬಾಯಿ ಬಿಡದೆ ಕಿಸೆಯಲ್ಲಿದ್ದ ಚೀಟಿಯನ್ನು ಕೊಟ್ಟ. ಆಸಿಯಮ್ಮ, ವಯಸ್ಸು ಅರುವತ್ತೆರಡು, ಹೊಟ್ಟೆ. ಸಿಸ್ಟರ್ ಕೊನೆಯ ಸಾಲನ್ನು ಎರಡು ಸಲ ಓದಿ, ಚೀಟಿ ಮಡಚಿ, ಬಹಳ ಮೃದುವಾಗಿ ನಕ್ಕರು. ಎರಡು ನಿಮಿಷದಲ್ಲಿ ರುಕಿಯಮ್ಮ ಬಿಳಿ ಹಾಸಿಗೆಯ ಮೇಲಿದ್ದಳು.

ಒಂದು ಗಂಟೆ ಮಲಗಿದಳು. ಹಾಸಿಗೆಯ ಅಡಿ ನೋಡಿದಳು, ದಿಂಬು ಮೂಸಿದಳು. ಆಮೇಲೆ ಎದ್ದು ಕುಳಿತಳು.

"ಸರಿ ಸಿಸ್ಟರ್. ನನಗೆ ಎಂತದೂ ಇಲ್ಲ. ನಾನು ಹೊರಡ್ತೇನೆ."

"ಹೌದಮ್ಮ, ನಿಮಗೆ ಎಂತದೂ ಇಲ್ಲ" ಎಂದರು ಸಿಸ್ಟರ್, ಅವಳ ಕೈ ಸವರುತ್ತಾ.

"ಅಲ್ಲ, ನಿಜವಾಗಿ ಇಲ್ಲ!"

"ನಿಜವಾಗಿಯೇ ಇಲ್ಲ. ಸ್ವಲ್ಪ ಬಳಲಿಕೆ ಅಷ್ಟೇ. ಮಲಗಿ."

"ಅಯ್ಯೋ! ಗಡ್ಡೆ ನನ್ನ ತಂಗಿಯ ಹೊಟ್ಟೆಯಲ್ಲಿ!"

"ಪಾಪ, ತಂಗಿಯ ಹೊಟ್ಟೆಯಲ್ಲಿ. ನಿಮ್ಮ ಹೊಟ್ಟೆಯಲ್ಲಿ ಅಲ್ಲವೇ ಅಲ್ಲ."

"ಯೂಸುಫ್! ಹೇಳು ಇವರಿಗೆ!"

ಯೂಸುಫ್ ತುಟಿಗಳನ್ನು ಇನ್ನಷ್ಟು ಬಿಗಿದ. ದೊಡ್ಡಮ್ಮನ ನಟನೆ ಕಂಡು ಅವನಿಗೆ ಮೈ ಜುಮ್ಮೆಂದಿತ್ತು.

"ಬಾಯಿ ಬಿಡು ಮಾರಾಯ!" ಎಂದು ಅವಳು ಕಿರುಚಿದಳು. ಬಸ್ಸಿನಲ್ಲಿ ಅವಳು ಎಂತ ಹೇಳಿದರೂ ಎಂದದ್ದರಲ್ಲಿ ಇದೂ ಸೇರಿತಲ್ಲ ಎಂದುಕೊಂಡ ಯೂಸುಫ್. ಅವನು ಸಿಸ್ಟರ್‌ಗೆ ಕೈ ಮುಗಿದು, ನಾಲ್ಕು ಗಂಟೆಯ ಬಸ್ಸಿಗೆ ಹೊರಟೇಹೋದ.

ಗೇಟಿನವರೆಗೆ ಅವನ ಬೆನ್ನಿಗೆ ರುಕಿಯಮ್ಮ ಹಾಕಿದ ಬೈಗಳನ್ನು ಒಣಗಿಸಿಟ್ಟಿದ್ದರೆ ಒಂದು ಮಳೆಗಾಲಕ್ಕೆ ಸೌದೆಯಾಗುತ್ತಿತ್ತು. ಆದರೆ ಹೊರಗೆ ಓಡಲು ಕಾಲು ಕೆಳಗಿಟ್ಟವಳಿಗೆ ತಂಗಿಯ ಮಾತು ನೆನಪಾಯಿತು. ಗಂಡಿನ ಮನೆಯನ್ನು ಹೊರಗಿನಿಂದ ನೋಡಿದವರು ಬಹಳ ಜನ. ಸೊಸೆಯಾಗಿ ಮೂರು ದಿನ ಒಳಗಿದ್ದು ನೋಡಿದವರು ಯಾರಿದ್ದಾರೆ? ಅವಳು ಕಾಲನ್ನು ಮತ್ತೆ ಮೇಲೆತ್ತಿಕೊಂಡಳು. ಇನ್ನು ಈ ಮನೆಯ ಎಲುಬು ಮುರಿಯುವ ತನಕ ಪರೀಕ್ಷೆ.

ನೋಡಿಕೊಳ್ಳಲು ಬಂದವಳು ಜೆಸ್ಸಿ ಎಂಬ ನರ್ಸು. ಕಡ್ಡಿಯಂಥ ಹುಡುಗಿ. ರುಕಿಯಮ್ಮ ಒಂದು ಬೆಳಗ್ಗೆ ಇಪ್ಪತ್ತೆರಡು ಸಲ ನೀರು ಕೇಳಿದಳು. ಇಪ್ಪತ್ತೆರಡು ಸಲವೂ ಬಂತು, ಒಂದು ಸಲವೂ ಲೋಟ ಕುಕ್ಕಿದ ಶಬ್ದ ಬರಲಿಲ್ಲ. ಗಂಜಿ ಬಿಸಿ ಎಂದಳು, ತಣಿಸಿದರು. ತಣ್ಣಗಾಯಿತು ಎಂದಳು, ಬಿಸಿ ಮಾಡಿದರು. ಮೀನಿಗೆ ಹುಳಿ ಸಾಲದು ಎಂದದ್ದಕ್ಕೆ ಅಡುಗೆಯವಳು ಹುಣಸೆಹುಳಿಯ ಭರಣಿಯನ್ನೇ ಹೊತ್ತುಕೊಂಡು ಬಂದು ಮಂಚದ ಪಕ್ಕ ಇಟ್ಟಳು.

"ನೋವಿನ ಸೂಜಿ ಎಷ್ಟು ಗಂಟೆಗೆ ಕೊಡುವುದು ಇಲ್ಲಿ?" ಎಂದು ಕೇಳಿದಳು.

"ನೋವು ಬಂದಾಗ ಅಜ್ಜಿ."

"ಅದಕ್ಕೆ ಹೊತ್ತು ಇಲ್ವಾ?"

"ನೋವಿಗೆ ಹೊತ್ತು ಉಂಟಾ?"

ಎರಡನೆಯ ದಿನ ಜೆಸ್ಸಿ ಬಂದು, "ನಿಮ್ಮವರು ಮಲಗುವಾಗ ಮುಖ ಪಡುವಣಕ್ಕೆ, ಮೆಕ್ಕಾದ ಕಡೆಗೆ ಬರಬೇಕು ಅಲ್ವಾ?" ಎಂದವಳೇ ಮಂಚವನ್ನು ದರದರನೆ ತಿರುಗಿಸಿದಳು. ಯಾರೂ ಹೇಳಿರಲಿಲ್ಲ. ರುಕಿಯಮ್ಮ ತಪ್ಪು ಹುಡುಕಲು ಅಂಗಳಕ್ಕೆ ಹೋಗಿ ಕೋಳಿಗಳನ್ನು ನೋಡಿದಳು. ಅವು ಹೊಸಿಲು ದಾಟಲಾರದಷ್ಟು ಕೊಬ್ಬಿದ್ದವು.

ಜಗಲಿಯಲ್ಲಿ ಕಜೆಟನ್ ಎಂಬ ಮುದುಕ ಬೀನ್ಸ್ ಮುರಿಯುತ್ತಾ ಕುಳಿತಿದ್ದ. ಕೆನ್ನೆ ಹಲಸಿನ ತೊಳೆಯ ಹಾಗಿತ್ತು.

"ನೀವು ಇಲ್ಲಿ ಅಡುಗೆಗೆ ಸಹಾಯಕ್ಕಾ?" ಎಂದು ಕೇಳಿದಳು.

"ಅಲ್ಲ, ಸಾಯಲಿಕ್ಕೆ. ಬಂದು ಮೂರು ವರ್ಷ ಆಯಿತು. ಡಾಕ್ಟರು ವಾರಕ್ಕೊಮ್ಮೆ ಬಂದು ನನ್ನನ್ನು ನೋಡಿ ನಾಚಿಕೊಳ್ತಾರೆ."

"ಹಾಗಾದರೆ ಮನೆಗೆ ಹೋಗುವುದಲ್ವಾ?"

"ಒಂದು ಸಲ ಕಳಿಸಿದರು. ಹೆಂಡತಿ ಗೋಡೆಯಲ್ಲಿ ನನ್ನ ಫೋಟೋ ಹಾಕಿ, ಸುತ್ತಲೂ ಬಣ್ಣದ ಲೈಟು ಬಿಟ್ಟಿದ್ದಳು. ತುಂಬ ಚಂದ ಕಾಣ್ತಿತ್ತು. ಅದನ್ನು ಹಾಳು ಮಾಡುವುದು ಬೇಡ ಅಂತ ಹಿಂದೆ ಬಂದೆ."

ರುಕಿಯಮ್ಮನ ತಲೆ ತಿರುಗಿತು. ಸಾಯುವವರ ಮನೆಯಲ್ಲಿ ಒಬ್ಬ ಸಾಯದೆ ಉಳಿದರೆ ಅದು ಮನೆಯ ಹೆಚ್ಚುಗಾರಿಕೆಯೋ, ಕೆಲಸದಲ್ಲಿ ಅಸಡ್ಡೆಯೋ? ನಾಲ್ಕು ಸಾವಿರ ಮನೆ ನೋಡಿದವಳು ಅವನ ಬೀನ್ಸನ್ನೇ ಒಂದೊಂದಾಗಿ ಎತ್ತಿ ನೋಡಿದಳು.

ಮೂರನೆಯ ದಿನ ಅವಳಿಗೆ ಹೆದರಿಕೆ ಶುರುವಾಯಿತು. ತಪ್ಪೇ ಸಿಗುತ್ತಿಲ್ಲ. ನಲವತ್ತಾರು ವರ್ಷದ ಹಿಂದೆಯೂ ಹೀಗೆಯೇ ಆಗಿತ್ತು. ಬಾವಿ ಚಂದ, ಕೋಳಿ ಚಂದ, ಹಗ್ಗ ಗಟ್ಟಿ, ಎಲ್ಲ ಸರಿ. ಸರಿ ಎಂದು ಎದ್ದು ಬಂದು ತಂಗಿಯನ್ನು ಮೂವತ್ತೆಂಟು ವರ್ಷದ ಮೌನಕ್ಕೆ ತಳ್ಳಿದ್ದಳು. ಈ ಸಲ ಯಾವುದನ್ನು ನೋಡಲು ಬಿಟ್ಟಿದ್ದೇನೆ?

ಪಕ್ಕದ ಮಂಚದಲ್ಲಿ ಗುಣವತಿ ಎಂಬ ಹೆಂಗಸಿದ್ದಳು. ಅವಳು ನಿಜವಾಗಿಯೇ ಹೊರಟು ನಿಂತವಳು. ಚಾದರದ ಅಡಿಯಲ್ಲಿ ದೇಹ ಉಂಟೋ ಇಲ್ಲವೋ ಎಂದು ಮುಟ್ಟಿ ನೋಡಬೇಕು. ಆದರೆ ದಿನಕ್ಕೆ ಏಳು ಸಲ ತನ್ನ ಮದುವೆಯ ದಿಬ್ಬಣದ ಕತೆ ಹೇಳುತ್ತಿದ್ದಳು. ಬಸ್ಸು ಬೆಳ್ಮಣ್ಣಿನವರೆಗೆ ಬರುತ್ತಿತ್ತು, ಅಲ್ಲಿ ಟಯರ್ ಒಡೆಯುತ್ತಿತ್ತು, ಅಷ್ಟರಲ್ಲಿ ಅವಳ ಉಸಿರು ಮುಗಿಯುತ್ತಿತ್ತು. ಕತೆ ಮುಂದೆ ಹೋದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮೂರು ದಿನ ಕೇಳಿ ರುಕಿಯಮ್ಮನಿಗೆ ತಾನೇ ಇಳಿದು ಆ ಟಯರ್ ಬದಲಿಸಿ ಬರುವಾ ಎನ್ನುವಷ್ಟಾಗಿತ್ತು.

ಮಧ್ಯಾಹ್ನ ಜೆಸ್ಸಿ ಗುಣವತಿಯ ಬೆನ್ನು ಒರೆಸುತ್ತಿದ್ದಳು. ಬಸ್ಸು ಮತ್ತೆ ಹೊರಟಿತು.

"ಬೆಳ್ಮಣ್ಣಿಗೆ ಬರುವಾಗ..."

"ಹೌದಾ? ಮತ್ತೆ?" ಎಂದಳು ಜೆಸ್ಸಿ. ಕಣ್ಣು ಅರಳಿಸಿ, ಈಗಷ್ಟೇ ಮೊದಲ ಸಲ ಕೇಳುವವಳಂತೆ.

"ಹಿಂದಿನ ಟಯರ್ ಒಡೆಯಿತು." ಗುಣವತಿ ಒಂದಿಷ್ಟು ಉಸಿರು ಕೂಡಿಸಿಕೊಂಡಳು. "ನಿನಗೆ ನಿನ್ನೆಯೂ ಹೇಳಿದ್ದೆ ಅಲ್ವಾ?"

"ನಿನ್ನೆ ಎದುರಿನ ಟಯರ್ ಅಂದಿದ್ದಿರಿ! ಇವತ್ತು ಹಿಂದಿನದು ಅಂತೀರಿ. ನಿಮ್ಮ ಬಸ್ಸಿಗೆ ಒಟ್ಟು ಎಷ್ಟು ಟಯರ್ ಮಾರಾಯ್ತಿ? ಸರಿಯಾಗಿ ಹೇಳಿ, ಮತ್ತೆ ಎಂತ ಆಯಿತು?"

ಗುಣವತಿ ನಕ್ಕಳು. ಹಲ್ಲಿಲ್ಲದ, ಉಸಿರಿಲ್ಲದ, ಚಾದರವನ್ನು ಮಾತ್ರ ಅಲ್ಲಾಡಿಸುವ ನಗು. ಜೆಸ್ಸಿಯೂ ನಕ್ಕಳು. ಜಗಲಿಯಲ್ಲಿ ಕಜೆಟನ್ ಸುಮ್ಮನೆ ಸೇರಿಕೊಂಡು ನಕ್ಕ. ಬೇಲಿಯ ಆಚೆಯಿಂದ ಫೌಸ್ಟಿನ್ ಕೂಗಿದ: "ಓ, ಶುರುವಾಯಿತು ಇವರದ್ದು!"

ರುಕಿಯಮ್ಮ ಮಂಚದ ಮೇಲೆ ಎದ್ದು ಕುಳಿತಳು. ಗೋಡೆಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಗಟ್ಟಿಯಾಗಿ ಹೇಳಿದಳು, "ನನ್ನ ಚಪ್ಪಲಿ ಎಲ್ಲಿ? ನನ್ನ ತಂಗಿಯನ್ನು ಕರೆದುಕೊಂಡು ಬರಬೇಕು."

"ಕರೆದುಕೊಂಡು ಬರುವಾ ಅಜ್ಜಿ, ನಾಳೆ" ಎಂದು ಜೆಸ್ಸಿ ಅವಳ ಕೆನ್ನೆ ಸವರಿದಳು.

ಅಷ್ಟರಲ್ಲಿ ಗೇಟಿನ ಎದುರು ಬಾಡಿಗೆಯ ಅಂಬಾಸಡರ್ ಕಾರು ನಿಂತಿತು. ಯೂಸುಫ್ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದ. ಬೆಳಗ್ಗಿನಿಂದ ನೋವು ತಡೆಯಲಾಗದೆ, "ಇನ್ನು ಹೋಗುವಾ" ಎಂದು ಆಸಿಯಮ್ಮನೇ ಹೊರಟಿದ್ದಳು. ಅಕ್ಕ ಇನ್ನೂ ಏನೂ ಹೇಳಿಲ್ಲವಲ್ಲ ಎಂದು ಮನೆಯವರು ತಡೆದಾಗ, "ಮೂರು ದಿನವಾದರೂ ಬರಲಿಲ್ಲ ಅಂದರೆ ಒಳ್ಳೆಯ ಮನೆಯೇ. ಕೆಟ್ಟ ಮನೆಯಲ್ಲಿ ಅವಳು ಹತ್ತು ನಿಮಿಷ ಕೂರುವ ಜನ ಅಲ್ಲ" ಎಂದಿದ್ದಳಂತೆ.

ಝೀಟಾ ಸಿಸ್ಟರ್ ಹೊರಗೆ ಬಂದು ಯೂಸುಫ್‌ನ ಕೈಯಲ್ಲಿದ್ದವಳನ್ನು ನೋಡಿದರು, ಬಾಗಿಲಲ್ಲಿ ನಿಂತವಳನ್ನು ನೋಡಿದರು. ಯೂಸುಫ್ ಮೂರು ದಿನದಿಂದ ಕಟ್ಟಿಕೊಂಡಿದ್ದ ಬಾಯಿಯನ್ನು ಬಿಚ್ಚಿದ.

"ಅವರು ಇವರಲ್ಲ" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

"ನಾನು ಮೂರು ದಿನದಿಂದ ಎಂತ ಹೇಳಿದ್ದು?" ಎಂದು ರುಕಿಯಮ್ಮ ಸೊಂಟಕ್ಕೆ ಕೈ ಕೊಟ್ಟಳು.

ಸಿಸ್ಟರ್‌ನ ಮುಖ ಕೆಂಪಾಯಿತು, ಬಿಳಿಯಾಯಿತು. ಕೊನೆಗೆ ನಗು ತಡೆಯಲಾರದೆ ಬಾಯಿಗೆ ಕೈ ಹಿಡಿದು ಒಳಗೆ ಓಡಿದರು. ಖಾಲಿ ಹಾಸಿಗೆ ಬೇರೆ ಇರಲಿಲ್ಲ. ರುಕಿಯಮ್ಮನೇ ಚಾದರ ಕೊಡವಿ, ದಿಂಬು ತಟ್ಟಿ, ತಾನು ಬೆಚ್ಚಗೆ ಮಾಡಿಟ್ಟಿದ್ದ ಜಾಗದಲ್ಲಿ ತಂಗಿಯನ್ನು ಮಲಗಿಸಿದಳು. ಚೀಟಿ ಅದೇ, ಹೆಸರು ಅದೇ, ಹುಣಸೆಹುಳಿಯ ಭರಣಿಯೂ ಅದೇ.

ಜೆಸ್ಸಿ ಸೂಜಿ ಕೊಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಆಸಿಯಮ್ಮನ ಹುಬ್ಬಿನ ಗಂಟು ಬಿಟ್ಟಿತು. ಅವಳು ಅಕ್ಕನ ಕೈ ಎಳೆದು ಕಿವಿಯಲ್ಲಿ ಕೇಳಿದಳು:

"ಗಂಡು ಹೇಗುಂಟು?"

"ಮಾತನಾಡ್ತದೆ" ಎಂದಳು ರುಕಿಯಮ್ಮ.

ಅಷ್ಟರಲ್ಲಿ ಜೆಸ್ಸಿ ಬಿಸಿನೀರಿನ ಬೋಗುಣಿ ಹಿಡಿದು ಬಂದು ಸ್ಟೂಲ್ ಎಳೆದು ಕುಳಿತಳು.

"ಅಜ್ಜಿ, ದಾರಿಯಲ್ಲಿ ತುಂಬ ಕಷ್ಟ ಆಯಿತಾ?"

"ಕಷ್ಟ ಅದಲ್ಲ ಮಗಳೇ. ಕೇಳು. ನನ್ನ ಗಂಡ ಸಾಯುವ ದಿನ ಆಯಿತು ಅಂತ ಹೇಳಿದ..."

"ಹೌದಾ? ಎಂತ ಆಯಿತು ಅಂತ? ಮತ್ತೆ?"

ರುಕಿಯಮ್ಮ ಅಲ್ಲಿ ನಿಲ್ಲಲಿಲ್ಲ. ಕೋಳಿ ನೋಡುವವಳಂತೆ ಅಂಗಳಕ್ಕೆ ಬಂದಳು. ಒಳಗಿನಿಂದ ತಂಗಿಯ ಸ್ವರ ಬರುತ್ತಲೇ ಇತ್ತು, ಬಸ್ಸು ಇಳಿಜಾರಿನಲ್ಲಿ ಇಳಿದ ಹಾಗೆ. ನಡುವೆ ಯಾರೋ ನಕ್ಕರು.

ಬೇಲಿಯ ಆಚೆ ಫೌಸ್ಟಿನ್ ಈಜಿಚೇರಿನಿಂದ ತಲೆ ಎತ್ತಿದ.

"ಇನ್ನೊಬ್ಬಳು ಸೇರಿದಳಾ? ಮುಗಿಯಿತು ನನ್ನ ನಿದ್ದೆ!" ಎಂದವನು ರುಕಿಯಮ್ಮನನ್ನು ಗುರುತು ಹಿಡಿದ. "ಓ, ನೀವಾ ಅಮ್ಮಾ? ನಿಮ್ಮ ಆಡು ಸಿಕ್ಕಿತಾ?"

"ಸಿಕ್ಕಿತು" ಎಂದಳು ರುಕಿಯಮ್ಮ.