ನೂರಾ ಮೂವತ್ತೊಂದನೆಯ ಹೆಜ್ಜೆ

ಜವರಯ್ಯನ ನಡಿಗೆಯನ್ನು ಸರಗೂರಿನ ಹಿಂದಲ ಕೇರಿಯವರು ಕಣ್ಣು ಮುಚ್ಚಿಕೊಂಡೇ ಗುರುತು ಹಿಡಿಯುತ್ತಿದ್ದರು. ಬೇರೆಯವರ ನಡಿಗೆಯಲ್ಲಿ ಅವಸರವಿರುತ್ತದೆ, ಆಲಸ್ಯವಿರುತ್ತದೆ, ಮನೆ ಹತ್ತಿರವಾದಂತೆ ಒಂದಿಷ್ಟು ಹಗುರವೂ ಬಂದು ಸೇರಿಕೊಳ್ಳುತ್ತದೆ. ಈತನದರಲ್ಲಿ ಇವ್ಯಾವುವೂ ಇರಲಿಲ್ಲ. ಸೊಂಟದಿಂದ ಮೇಲೆ ಅಲುಗದ ದೇಹ, ಎದುರಿಗೆ ನೆಟ್ಟ ದೃಷ್ಟಿ, ಬರಿಗಾಲು, ಒಂದು ಹೆಜ್ಜೆಗೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಅಂತರ. ಮೈಮೇಲೆ ಪುರಾತತ್ವ ಇಲಾಖೆ ಕೊಟ್ಟ ಖಾಕಿ ಉಣ್ಣೆಯ ಕೋಟು, ಯಾರೋ ದಢೂತಿ ಮನುಷ್ಯನ ಅಳತೆಗೆ ಹೊಲಿಸಿದ್ದು. ಅದರ ಬಲಜೇಬಿನಲ್ಲಿ ಗುಡಿಯ ಕಬ್ಬಿಣದ ಬೀಗದ ಕೈ ಇರುತ್ತಿದ್ದುದರಿಂದ ಕೋಟು ಸದಾ ಬಲಕ್ಕೆ ವಾಲಿರುತ್ತಿತ್ತು, ಹೆಜ್ಜೆಗೊಮ್ಮೆ ಆ ಕಬ್ಬಿಣ ಕೋಟಿನ ಹಿತ್ತಾಳೆ ಗುಂಡಿಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ಜೊತೆಗೆ ಎಣಿಕೆ. ದೀಪ ಹಚ್ಚುವ ಹೊತ್ತಿಗೆ ಗುಡಿಯ ಕಡೆಯಿಂದ ಒಂದು, ಎರಡು ಎಂದು ಹೊರಟ ಆ ದನಿ ನೂರಾ ಮೂವತ್ತೊಂದಕ್ಕೆ ನಿಂತಾಗ, ಹೆಂಗಸರು ಸೊಡರಿಗೆ ಎಣ್ಣೆ ಬಿಡುತ್ತಿದ್ದರು.

ಗುಡಿಯೆಂದರೆ ದೇವರಿಲ್ಲದ ಕಲ್ಲುಗುಡಿ. ಗರ್ಭಗುಡಿಯಲ್ಲಿದ್ದದ್ದು ಖಾಲಿ ಪೀಠವೊಂದೇ. ಮೂರ್ತಿ ಯಾವ ಕಾಲಕ್ಕೆ ಯಾರ ಪಾಲಾಯಿತೆಂದು ಬಲ್ಲವರಿರಲಿಲ್ಲ. ಕೇರಿಯವರು ಅದನ್ನು ಬರಿಗುಡಿ ಎಂದು ಕರೆದು, ಪೂಜೆಯಿಲ್ಲದ ಜಾಗವೆಂದು ದೂರವಿದ್ದರು. ತೊಂಬತ್ತೆರಡರ ಸುಮಾರಿಗೆ ಇಲಾಖೆಯ ನೀಲಿ ಬೋರ್ಡು ಬಂದು ನಿಂತಿತು: ಇದು ಸಂರಕ್ಷಿತ ಸ್ಮಾರಕ, ಇದರ ಗೋಡೆಯಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಏಳಕೂಡದು. ಸಾಹೇಬರೊಬ್ಬರು ಟೇಪು ಹಿಡಿದು ಓಣಿಯುದ್ದ ಅಳೆದರು. ಆಗಷ್ಟೇ ಕಾವಲಿಗೆ ನೇಮಕವಾಗಿದ್ದ ಜವರಯ್ಯ ಪಕ್ಕದಲ್ಲೇ ಹೆಜ್ಜೆ ಹಾಕಿ ಎಣಿಸಿಕೊಂಡ. ಮೂವತ್ತು ಅಂಗುಲದ ನೂರಾ ಮೂವತ್ತೊಂದು ಹೆಜ್ಜೆ. ಗಡಿಕಲ್ಲು ಕಳಿಸುತ್ತೇವೆಂದು ಹೇಳಿ ಸಾಹೇಬರು ಟೇಪನ್ನೂ ಜೊತೆಗೊಯ್ದರು. ಕಲ್ಲು ಬರಲೇ ಇಲ್ಲ. ಹಾಗಾಗಿ ಜವರಯ್ಯನ ಕಾಲೇ ಟೇಪಾಯಿತು, ಕಾಲೇ ಕಲ್ಲಾಯಿತು. ಪಂಚಾಯಿತಿಯವರೂ ಮನೆ ಕಟ್ಟುವ ಅರ್ಜಿ ಬಂದರೆ ಮೊದಲು ಅವನನ್ನೇ ಕೇಳುತ್ತಿದ್ದರು.

ಅದು ಕೇರಿ ಹೊಸ ಮೈ ಪಡೆಯುತ್ತಿದ್ದ ಕಾಲ. ನಾಡಹೆಂಚು ಇಳಿದು ತಾರಸಿ ಏರುತ್ತಿತ್ತು, ವಾರಕ್ಕೊಂದು ಇಟ್ಟಿಗೆ ಲಾರಿ ಬಂದು ನಿಲ್ಲುತ್ತಿತ್ತು. ಆ ನೂರು ಮೀಟರಿನ ಗೆರೆಯೊಳಗಿನವರು ಅಂಗಲಾಚಿದರು, ಕಾಫಿ ಕುಡಿಸಿದರು, ಬೈದರು. ಎಲ್ಲರಿಗೂ ಅವನದು ಒಂದೇ ಉತ್ತರ, "ನಾನೆಲ್ಲಿ ಯೋಳ್ತೀನಪ್ಪಾ, ಕಾಲು ಯೋಳ್ತದೆ." ಗೆರೆಯನ್ನು ದಿನಾ ತುಳಿಯದಿದ್ದರೆ ಅದು ಉಳಿಯದೆಂಬುದು ಅವನ ನಂಬಿಕೆ. ಪಂಚಾಯಿತಿ ಓಣಿಗೆ ಕಾಂಕ್ರೀಟು ಹಾಕಿದ ದಿನವೂ ಸಂಜೆ ಎಣಿಸುತ್ತ ಬಂದವನು, ಕೂಲಿಯವರು ಕೂಗಿಕೊಳ್ಳುತ್ತಿದ್ದರೂ ನಿಲ್ಲದೆ, ಹಸಿ ಕಾಂಕ್ರೀಟಿನ ಮೇಲೇ ಎಂಟು ಹೆಜ್ಜೆ ಊರಿಕೊಂಡು ಹೋದ. ಎಂಟೂ ಹಾಗೆಯೇ ಒಣಗಿ, ಮಣ್ಣು ತುಂಬಿ, ಮರೆತುಹೋದವು.

ಅವನ ನೂರಾ ಮೂವತ್ತೊಂದನೆಯ ಹೆಜ್ಜೆ ಬೀಳುತ್ತಿದ್ದದ್ದು ಒಡಹುಟ್ಟಿದ ತಂಗಿಯ ಮನೆಯಲ್ಲಿ. ಓಣಿಯ ಕೊನೆಗೆ ರಾಚಮ್ಮನ ಹಿತ್ತಿಲು, ಹಿತ್ತಿಲು ದಾಟಿದರೆ ಅಡುಗೆಮನೆ, ಅದಕ್ಕೂ ಪಡಸಾಲೆಗೂ ನಡುವೆ ಒಂದು ಹೊಸ್ತಿಲು. ಗೆರೆ ಸರಿಯಾಗಿ ಆ ಹೊಸ್ತಿಲ ಮೇಲೆ ಹಾದುಹೋಗಿತ್ತು. ಹೆಂಡತಿ ತೀರಿಕೊಂಡ ಮೇಲೆ ರಾತ್ರಿಯೂಟ ತಂಗಿಯ ಮನೆಯಲ್ಲೇ ಆದದ್ದರಿಂದ, ಅವನ ಅಳತೆ ಮುಗಿಯುವುದಕ್ಕೂ ಮುದ್ದೆಯ ತಟ್ಟೆ ಎದುರಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. ತೊಂಬತ್ತಮೂರರ ಮಳೆಗೆ ಆ ಅಡುಗೆಮನೆಯ ಮಣ್ಣುಗೋಡೆ ಕುಸಿಯಿತು. ವಿಧವೆ ರಾಚಮ್ಮ ಇಟ್ಟಿಗೆ ತರಿಸಲು ಹೊರಟರೆ ಅಣ್ಣ ಅಡ್ಡ ನಿಂತ. ಅವಳು ಅತ್ತಳು, ಮಾತು ಬಿಟ್ಟಳು, ಮತ್ತೆ ಮಾತಾಡಿದಳು. ಕೊನೆಗೆ ತೆಂಗಿನ ಗರಿಯ ಮಾಡಿನಡಿ ಮೂರು ಕಲ್ಲು ಹೂಡಿ, ಮಳೆ ಬಂದಾಗ ಒಲೆಯ ಮೇಲೆ ತಗಡು ಹಿಡಿದು, ಹತ್ತು ವರ್ಷ ಬೇಯಿಸಿದಳು. ಒಂದು ಗೋಡೆ, ಅದರಲ್ಲೊಂದು ಕಿಟಕಿ, ಮಳೆ ತಾಗದ ಒಲೆ, ಅವಳು ಬಾಳಿನಲ್ಲಿ ಬೇಡಿದ್ದು ಇಷ್ಟನ್ನೇ.

ಗೆರೆ ಸರಿಯುತ್ತಿದೆಯೆಂದು ಮೊದಲು ಕಂಡವಳೂ ಅವಳೇ. ಹೊಸ್ತಿಲ ಮೇಲೆ ಕೇಳಿಸುತ್ತಿದ್ದ ಕೊನೆಯ ಎಣಿಕೆ ಒಂದು ವರ್ಷ ಒರಳಿನ ಬಳಿ ಕೇಳಿಸಿತು. ಮುಂದೊಂದು ವರ್ಷ ನೀರಿನ ಹಂಡೆಯ ಪಕ್ಕ. ಆಮೇಲೆ ಒಲೆಯ ಆಚೆ. ಮುಸ್ಸಂಜೆಯಲ್ಲಿ ಹಿಟ್ಟು ತೊಳಸುತ್ತ ಕೂತವಳ ಮೈ ಜುಮ್ಮೆನ್ನುತ್ತಿತ್ತು: ಕಣ್ಣಿಗೆ ಕಾಣದ್ದೊಂದು ತನ್ನ ಮನೆಯನ್ನು ಗೇಣುಗೇಣಾಗಿ ಬಿಟ್ಟುಕೊಡುತ್ತ ಹಿಂದಕ್ಕೆ, ಆ ಖಾಲಿ ಪೀಠದ ಕಡೆಗೆ, ಹೊರಟುಹೋಗುತ್ತಿತ್ತು. ಅಣ್ಣ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದು ಹೆಚ್ಚಾದದ್ದನ್ನೂ ಅವಳು ಕಂಡಿದ್ದಳು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಅವಳಿಗೆ ಇರಲಿಲ್ಲವೆಂದಲ್ಲ, ನೋಡಲು ಮನಸ್ಸಾಗಲಿಲ್ಲ.

ಕೇರಿಗೂ ಸುದ್ದಿ ಹಬ್ಬಿತು. ಹಾಲು ಹಾಕುವ ಮುದುಕಿ ದೊಡ್ಡಮ್ಮ ಅದಕ್ಕೊಂದು ಮಾತನ್ನೂ ಹುಡುಕಿಟ್ಟಳು. "ಗುಡಿ ಉಸ್ರು ಒಳಕ್ಕೆ ಎಳ್ಕತಾ ಅದೆ ಕಣ್ರವ್ವಾ," ಎಂದಳು, "ಎಳ್ಕಂಡಿದ್ದನ್ನ ಬುಡಲೇಬೇಕಲ್ಲ." ಕೇಳಿದವರು ಮರುದಿನವೇ ಪಾಯ ತೋಡಿದರು. ಬಿಡುವಾದ ಜಾಗದಲ್ಲಿ ನಾಲ್ಕು ಮನೆ ಎದ್ದವು. ಜವರಯ್ಯನಂತೂ ಅದನ್ನು ದೊಡ್ಡ ಅನುಗ್ರಹವೆಂದೇ ಬಗೆದ. ಎರಡು ಸಾವಿರದ ನಾಲ್ಕರಲ್ಲಿ ಅವನ ಕೊನೆಯ ಹೆಜ್ಜೆ ಕುಸಿದ ಗೋಡೆಯ ಹೊರಗೆ, ಹಿತ್ತಿಲಲ್ಲಿ ನಿಂತಿತು. ಅಂದು ಅವನೇ ತಂಗಿಯನ್ನು ಕರೆದು, ಕಟ್ಟಿಸು ಎಂದ.

ಕಟ್ಟಿದವನು ಗಾರೆ ಕೆಲಸದ ಜಾನ್ ಪಾಷಾ, ಮಾತು ಕಡಿಮೆ, ಕೈ ಶುದ್ಧ. ಅಡುಗೆಮನೆಗೆ ಕೆಂಪು ಗಾರೆ ನೆಲ ಹಾಕಿ ಕನ್ನಡಿಯಂತೆ ಹೊಳಪು ಬರುವವರೆಗೂ ತಿಕ್ಕಿದ. ಎಲ್ಲ ಮುಗಿದು ರಾಚಮ್ಮ ಒಲೆ ಹಚ್ಚಿ ಎಂಟು ದಿನವಾಗಿತ್ತು. ಪಾಷಾ ಓಣಿಯಲ್ಲಿ ಚೆಲ್ಲಿದ್ದ ಮರಳು, ಸಿಮೆಂಟನ್ನೆಲ್ಲ ಆ ಮಧ್ಯಾಹ್ನ ನೀರು ಹೊಯ್ದು ತೊಳೆಸಿದ್ದ. ಸಂಜೆ ಹೊಸ ಒಲೆಯ ಮುಂದೆ ಕೂತು ಅವಳು ಎಣಿಕೆಗೆ ಕಿವಿಗೊಟ್ಟಿದ್ದಳು. ತೊಂಬತ್ತಮೂರು. ತೊಂಬತ್ತನಾಲ್ಕು. ಆಮೇಲೆ ಏನೂ ಕೇಳಿಸಲಿಲ್ಲ. ಹನ್ನೆರಡು ವರ್ಷದಲ್ಲಿ ಆ ದನಿ ನಡುವೆ ನಿಂತದ್ದು ಅದೇ ಮೊದಲು. ಕೇರಿಯ ಬಾಗಿಲುಗಳಲ್ಲಿ ಹೆಂಗಸರು ಎಣ್ಣೆಯ ಗಿಂಡಿ ಹಿಡಿದುಕೊಂಡು, ದೀಪ ಹಚ್ಚದೆ, ಕತ್ತಲಾಗುವುದನ್ನೇ ನೋಡುತ್ತ ನಿಂತಿದ್ದರು.

ಸೊಡರು ಹಿಡಿದು ರಾಚಮ್ಮ ಓಣಿಗಿಳಿದಳು. ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಅವನ ಎದುರಿಗೆ, ತೊಳೆದ ಕಾಂಕ್ರೀಟಿನಲ್ಲಿ, ಬರಿಗಾಲಿನ ಗುರುತುಗಳು ಸಾಲಾಗಿದ್ದವು. ಪ್ರತಿಯೊಂದರಲ್ಲೂ ಅಷ್ಟಷ್ಟು ನೀರು ನಿಂತು ಆಕಾಶ ಕಾಣುತ್ತಿತ್ತು. ಅವನು ಹಿಂದೆ ಹೋಗಿ ಮೊದಲ ಗುರುತಿನಲ್ಲಿ ಕಾಲಿಟ್ಟ. ಸರಿಯಾಗಿ ಕೂತಿತು, ಅವನದೇ ಪಾದ. ಎರಡನೆಯ ಹೆಜ್ಜೆ ಎರಡಂಗುಲ ಹಿಂದೆ ಬಿತ್ತು. ಮೂರನೆಯದು ನಾಲ್ಕಂಗುಲ. ಎಂಟನೆಯದಕ್ಕೆ ಗುರುತು ಒಂದೂವರೆ ಗೇಣು ಮುಂದಿತ್ತು, ಅದು ನಡೆದುಹೋಗುತ್ತಿರುವಂತೆ, ಇವನು ಹಿಂದುಳಿದಂತೆ.

"ಮುಂದಕ್ಕೆ ಓಗ್ಬುಟ್ಟವ್ನೆ ಕಣವ್ವಾ," ಎಂದ.

"ಯಾರಣ್ಣಾ?"

"ನಾನು."

ಬೆಳಗಾಗುತ್ತಲೇ ಜಾನ್ ಪಾಷಾನ ಟೇಪು ಬಂತು. ಹೆಜ್ಜೆಗೆ ಎರಡಂಗುಲ ತಪ್ಪಿದ್ದು ಒಟ್ಟು ಇಪ್ಪತ್ತೆರಡು ಅಡಿಯಾಗಿತ್ತು. ಗೆರೆ ಎಲ್ಲಿಗೂ ಹೋಗಿರಲಿಲ್ಲ, ಮೊದಲಿನ ಹೊಸ್ತಿಲ ಮೇಲೇ ಇತ್ತು. ಹೊಸ ಅಡುಗೆಮನೆ ಪೂರ್ತಿ ಒಳಗೆ. ಪಾಷಾ ಸುತ್ತ ನೋಡಿ ದನಿ ತಗ್ಗಿಸಿದ. "ಟೇಪು ನಂದು ಜವರಣ್ಣಾ, ಸುತ್ತಿ ಜೇಬಿಗಾಕ್ಕಂಡ್ರೆ ಆಯ್ತು. ಗಾಳಿಗೂ ಗೊತ್ತಾಗಕಿಲ್ಲ." ಜವರಯ್ಯ ಹೊಸ್ತಿಲನ್ನೇ ನೋಡುತ್ತಿದ್ದ. "ಕಾಲು ಸುಳ್ಳು ಯೋಳ್ತಲ್ಲಾ ಪಾಷಾ," ಎಂದ, "ಇಷ್ಟು ವರ್ಸ ಅದ್ರ ಮಾತ ನಾನು ಊರಿಗೆಲ್ಲ ಯೋಳ್ದೆ." ಬಸ್ ನಿಲ್ದಾಣದ ಬಳಿ ಅರ್ಜಿ ಬರೆಯುವವನ ಹತ್ತಿರ ಕೂತು ಇಲಾಖೆಗೆ ಕಾಗದ ಬರೆಸಿದ: ನನ್ನ ಅಳತೆ ತಪ್ಪಿದೆ, ಐದು ಮನೆ ಒಳಗೆ ಬಿದ್ದಿವೆ. ಮೊದಲ ಹೆಸರು ತಂಗಿಯದು.

ಐದು ಬಾಗಿಲಿಗೂ ನೋಟೀಸು ಅಂಟಿತು. ಹಾಲು ಅಳೆಯುತ್ತಿದ್ದ ದೊಡ್ಡಮ್ಮ ಅದನ್ನು ಕಂಡು, ಬುಡ್ತು ನೋಡ್ರವ್ವಾ, ಎಂದಷ್ಟೇ ಅಂದಳು. ಮುಂದಿನದು ಎಲ್ಲ ಕಡೆ ಆಗುವಂತೆಯೇ ಆಯಿತು: ಒಡೆಯಲು ಯಾರೂ ಬರಲಿಲ್ಲ, ಒಡೆಯುವುದಿಲ್ಲವೆಂದೂ ಯಾರೂ ಹೇಳಲಿಲ್ಲ, ಕಾಗದ ಬಿಸಿಲಿಗೆ ಹಳದಿಯಾಯಿತು. ಆ ವರ್ಷವೇ ಜವರಯ್ಯನಿಗೆ ನಿವೃತ್ತಿ. ಬೀಗದ ಕೈ ಹೊಸಬನ ಪಾಲಾಯಿತು. ಕೋಟು, ನಡಿಗೆ ಎರಡೂ ಇವನಲ್ಲೇ ಉಳಿದವು. ಈಗಿನದು ನೋಡಬಾರದ ನಡಿಗೆ. ಓಣಿಯ ಆ ಎಂಟು ಗುರುತುಗಳ ಮೇಲೆ ಕಾಲಿಟ್ಟು ಅಂತರ ಕಲಿತುಕೊಂಡು, ನೋಯುವ ಮಂಡಿಯನ್ನು ಬಲವಂತದಿಂದ ಎಳೆದೆಳೆದು ಊರುತ್ತ, ಮೈ ಮುಂದಕ್ಕೆ ಬಾಗಿ, ಕೋಟಿನ ಅಂಚು ಪಟಪಟ ಬಡಿಯುತ್ತಿರಲು ಬರುತ್ತಿದ್ದ ಆ ಮುದುಕನನ್ನು ಕಂಡು ತಾಯಂದಿರು ಮಕ್ಕಳನ್ನು ಒಳಗೆಳೆದುಕೊಳ್ಳುತ್ತಿದ್ದರು. ಹಿತ್ತಿಲ ಬಾಗಿಲಿಗೆ ನೂರಾ ಇಪ್ಪತ್ತೆರಡು. ಅಡುಗೆಮನೆಯಲ್ಲಿ ಒಂಬತ್ತು ಹೆಜ್ಜೆ, ಅತ್ತಿತ್ತ ನೋಡದೆ. ಹೊಸ್ತಿಲು ದಾಟಿ ಪಡಸಾಲೆಯಲ್ಲಿ ಕೂರುತ್ತಿದ್ದ. ಒಲೆಯ ಬಳಿ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ.

ರಾಚಮ್ಮ ತಿಂಗಳುಗಟ್ಟಲೆ ತಡೆದುಕೊಂಡಳು. ಅವಳನ್ನು ಕೊರೆಯುತ್ತಿದ್ದದ್ದು ನೋಟೀಸಿಗಿಂತ ಹೆಚ್ಚಾಗಿ ಆ ಒಂಬತ್ತು ಹೆಜ್ಜೆ. ತಾನು ನೋಡಿಯೂ ನೋಡದಂತಿದ್ದದ್ದನ್ನು ಅವನು ದಿನಾ ಸಂಜೆ ತನ್ನ ನೆಲದ ಮೇಲೆ ಎಣಿಸಿ ತೋರಿಸುತ್ತಿದ್ದಾನೆಂದು ಅವಳಿಗೆ ತೋರುತ್ತಿತ್ತು. ಒಂದು ಸಂಜೆ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದಳು. ನೂರಾ ಇಪ್ಪತ್ತೆರಡಕ್ಕೆ ಹೆಜ್ಜೆ ಬಾಗಿಲಾಚೆ ನಿಂತಿತು. ಅವನು ತಟ್ಟಲಿಲ್ಲ, ಕರೆಯಲಿಲ್ಲ, ಬೀದಿಯ ಬಾಗಿಲಿಗೂ ಸುತ್ತಿಕೊಂಡು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಲೆಳೆಯುತ್ತ ಹಿಂತಿರುಗಿದ. ಐದು ಸಂಜೆ ಹೀಗೇ ಆಯಿತು. ಆರನೆಯ ಬೆಳಗ್ಗೆ ಅವನೊಬ್ಬನೇ ಇದ್ದ ಕೋಣೆಯ ಬಾಗಿಲು ತೆಗೆದವರು ಬಂದು ರಾಚಮ್ಮನಿಗೆ ಹೇಳಿದರು, ನಿಮ್ಮಣ್ಣ ಚಾಪೆಯ ಮೇಲೆ ನೀಟಾಗಿ ಮಲಗವ್ನೆ, ಏಳಾಕಿಲ್ಲ, ಅಂತ.

ತಿಥಿ ಕಳೆದ ಸಂಜೆ ಅವಳು ಒಲೆಯ ಮುಂದಿದ್ದಳು. ಕೋಟು ಪಡಸಾಲೆಯ ಮೊಳೆಯಲ್ಲಿ ತೂಗುತ್ತಿತ್ತು. ಓಣಿಯಲ್ಲಿ ಹೆಜ್ಜೆ ಕೇಳಿಸಿತು. ಎಣಿಕೆಯಿಲ್ಲ, ಕಬ್ಬಿಣದ ಸದ್ದಿಲ್ಲ, ಬರಿಗಾಲು ಮಾತ್ರ. ಎಣಿಸಿದವಳು ಅವಳೇ. ನೂರಾ ಇಪ್ಪತ್ತೆರಡಕ್ಕೆ ಅದು ಬಾಗಿಲಾಚೆ ನಿಂತಿತು. ಭಯವಾಗಿರಲಿಲ್ಲವೆಂದರೆ ಸುಳ್ಳಾದೀತು. ಆದರೂ ಎದ್ದು ಅಗುಳಿ ಸರಿಸಿದಳು. ಹಿತ್ತಿಲಲ್ಲಿ ಯಾರೂ ಇರಲಿಲ್ಲ.

"ಬಾ ಅಣ್ಣಾ," ಎಂದಳು, "ತಗ್ದಿವ್ನಿ. ನಂಗೆ ಗೊತ್ತಿತ್ತು ಕಣಣ್ಣಾ, ಗೆರೆ ಸರಿದದ್ದಲ್ಲ ಅಂತ ನಂಗೆ ಗೊತ್ತಿತ್ತು."

ತಣ್ಣನೆಯದೊಂದು ಅವಳ ಪಕ್ಕದಲ್ಲೇ ಹಾದು ಒಳಗೆ ಹೋಯಿತು.

ಇವತ್ತಿಗೂ ಆ ಅಡುಗೆಮನೆಯ ನಡುವೆ ಒಂದು ಪಾತ್ರೆಯನ್ನೂ ಇಡುವುದಿಲ್ಲ. ಒರಳು, ಸಿಲಿಂಡರು, ಹಂಡೆ ಎಲ್ಲ ಗೋಡೆಗೆ ಸರಿದಿವೆ. ಮುಸ್ಸಂಜೆಗೆ ಹಿತ್ತಿಲ ಬಾಗಿಲು ತೆರೆದಿರುತ್ತದೆ, ಹೊಸ್ತಿಲಾಚೆ ಪಡಸಾಲೆಯಲ್ಲಿ ಒಂದು ತಟ್ಟೆ. ಒಮ್ಮೆ ಗೋಡೆಗೆ ಸುಣ್ಣ ಬಳಿಯಲು ಬಂದ ಜಾನ್ ಪಾಷಾ, ತಾನು ತಿಕ್ಕಿದ ನೆಲದಲ್ಲಿ ಒಂಬತ್ತು ಕಡೆ ಮಾತ್ರ ಹೊಳಪು ಕೆಟ್ಟಿರುವುದನ್ನು ಕಂಡು, ಟೇಪು ತೆಗೆದು ಅಳೆದ. "ಮೂವತ್ತಂಗುಲಾನೇ ಅದೆ ರಾಚಕ್ಕಾ," ಎಂದ, "ಇಪ್ಪತ್ತೆಂಟಲ್ಲ." ಆಮೇಲೆ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

ನಿಯಮವೆಂದರೆ ನಮಗೆಲ್ಲ ಕಾಗದ. ಅದನ್ನು ಮಡಿಸಬಹುದು, ಮರೆಯಬಹುದು, ಹಳದಿಯಾಗಲು ಬಿಡಬಹುದು. ಎಲ್ಲೋ ಒಬ್ಬೊಬ್ಬರು ಮಾತ್ರ ಅದನ್ನು ಮೈಯೊಳಗೆ ಬಿಟ್ಟುಕೊಳ್ಳುತ್ತಾರೆ. ಮೈಗೆ ಮುಪ್ಪು ಬರುತ್ತದೆಂಬುದನ್ನು ಅವರು ಎಣಿಕೆಗೆ ಹಿಡಿದಿರುವುದಿಲ್ಲ. ಅಂಥವರ ಜೊತೆ ಬದುಕುವುದು ಕಷ್ಟ, ಅವರನ್ನು ಪ್ರೀತಿಸುವುದು ಇನ್ನೂ ಕಷ್ಟ. ಅವರು ತೀರಿಕೊಂಡರೆಂದು ಊರು ಉಸಿರು ಬಿಟ್ಟರೂ, ತಪ್ಪಿದ ಹೆಜ್ಜೆಗಳನ್ನು ಸರಿಯಾಗಿ ಹಾಕಿ ಮುಗಿಸುವ ತನಕ ಅವರು ಹೊರಡುವುದಿಲ್ಲ. ಉಳಿದವರು ಮಾಡಬಹುದಾದದ್ದು ಇಷ್ಟೇ, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದಿಡುವುದು.